ಮೆಸೇಜ್ ಬಂದಾಗ ಹಿರಿಯರು ಮಾಡಬೇಕಾದ ಕೆಲಸ

ಇದನ್ನು ನನ್ನ ವಯಸ್ಸಿನವರಿಗೆ ಬರೆಯುತ್ತಿದ್ದೇನೆ. ಅರವತ್ತು ದಾಟಿದವರು, ಮಗನೋ ಮಗಳೋ ಕೊಡಿಸಿದ ಸ್ಮಾರ್ಟ್‌ಫೋನ್ ಜೇಬಲ್ಲಿ ಇಟ್ಟುಕೊಂಡು ಓಡಾಡುವವರು. ಫೋಟೊ ಕಳಿಸೋದು ಹೇಗೆ, ವಿಡಿಯೊ ಕಾಲ್ ಮಾಡೋದು ಹೇಗೆ ಅಂತ ಹೇಳಿಕೊಡೋಕೆ ಮನೆಯಲ್ಲಿ ಮೊಮ್ಮಕ್ಕಳಿದ್ದಾರೆ. ಅದನ್ನು ಅವರ ಹತ್ತಿರ ಕಲಿಯಿರಿ. ಇಂಟರ್ನೆಟ್ ಬಂದ ಮೇಲೆ ನಮ್ಮ ಮನೆ, ಓಣಿ, ಊರು ಎಷ್ಟು ಬದಲಾದವು, ಅದರ ನಡುವೆ ನಾವು ಏನು ಮಾಡಬಹುದು ಅನ್ನೋದನ್ನು ಮಾತ್ರ ನಾನು ಹೇಳುತ್ತೇನೆ.

ನಾನು ಅಂಚೆ ಇಲಾಖೆಯಲ್ಲಿ ದುಡಿದವನು. ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆ. ಓದು ಬಾರದವರ ಮನೆಗೆ ಪತ್ರ ಬಂದರೆ ನಾವೇ ಒಡೆದು ಓದಿ ಹೇಳಬೇಕಿತ್ತು. ಪತ್ರದ ಕೊನೆಗೆ ಬರೆದವರ ಹೆಸರು ಇರುತ್ತಿತ್ತು, ಅದನ್ನು ಮೊದಲು ಓದಿ ಹೇಳು ಅನ್ನುತ್ತಿದ್ದರು ಜನ. ಯಾರು ಬರೆದಿದ್ದಾರೆ ಅಂತ ಗೊತ್ತಾದ ಮೇಲೆಯೇ ಉಳಿದ ಮಾತು. ಕಟ್ಟೆ ಮೇಲೆಯೂ ಅಷ್ಟೇ. ಯಾರಾದರೂ ಸುದ್ದಿ ತಂದರೆ ಕೂತ ಹಿರಿಯರು ಕೇಳುತ್ತಿದ್ದುದು ಒಂದೇ ಮಾತು, "ಯಾರು ಹೇಳಿದ್ರೋ ನಿನಗ?" ಹೇಳಿದವನು ಯಾರು, ಅವನು ಕಣ್ಣಾರೆ ಕಂಡನಾ, ಮೊದಲು ಎಷ್ಟು ಸುಳ್ಳು ಹೇಳಿದ್ದ, ಎಲ್ಲ ಲೆಕ್ಕಕ್ಕೆ ಬರುತ್ತಿತ್ತು.

ಫೋನಿನಲ್ಲಿ ಬರುವ ಮಾತಿಗೆ ಹಾಗೆ ಹೆಸರು ಇರಲ್ಲ. ಕಳಿಸಿದವರು ನಮ್ಮ ಬೀಗರೇ ಇರಬಹುದು, ಆದರೆ ಬರೆದವರು ಅವರಲ್ಲ. ಅದನ್ನು ಯಾರೂ ಕೇಳೋದೂ ಇಲ್ಲ. ಹುಡುಗರು ಕೇಳಲ್ಲ ಸರಿ, ಅವರಿಗೆ ಪುರುಸೊತ್ತಿಲ್ಲ. ನಾವೂ ಕೇಳೋದನ್ನು ಬಿಟ್ಟುಬಿಟ್ಟೆವಲ್ಲ, ಇಂಟರ್ನೆಟ್‌ನಿಂದ ಸಮಾಜಕ್ಕೆ ಆದ ನಷ್ಟದಲ್ಲಿ ಇದು ದೊಡ್ಡದು ಅಂತ ನನಗೆ ಅನಿಸುತ್ತೆ. ಈ ಕೆಲಸವನ್ನು ನಾವು ಮತ್ತೆ ಹಿಡಿಯಬೇಕು. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಸುದ್ದಿ ಬಂದ ಕೂಡಲೇ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಕೊಪ್ಪಳ, ಬಳ್ಳಾರಿ, ರಾಯಚೂರಿನವರಿಗೆ ಯಾರೂ ನೆನಪಿಸಬೇಕಾಗಿಲ್ಲ. ಬೆಳಗಾಗುವಷ್ಟರಲ್ಲಿ ನನ್ನ ಫೋನಿನಲ್ಲಿ ಇದ್ದ ಮೆಸೇಜ್ ಮಾತ್ರ ಬೇರೆ, "ಡ್ಯಾಮ್ ಒಡೆದಿದೆ, ಎಲ್ಲರಿಗೂ ತಿಳಿಸಿ." ಜೊತೆಗೊಂದು ವಿಡಿಯೊ, ಅದರಲ್ಲಿ ಇದ್ದದ್ದು ನಮ್ಮ ಡ್ಯಾಮೇ ಅಲ್ಲ. ಪಕ್ಕದ ಮನೆ ಹುಡುಗ ಓಡಿ ಬಂದು "ಕಾಕಾ, ಹೊಳಿದಂಡಿಗೆ ನಮ್ಮ ಅಕ್ಕ ಅದಾಳ, ಏನ್ ಮಾಡೂದ್ರೀ" ಅಂತ ನಡುಗುತ್ತಾ ನಿಂತಿದ್ದ.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ಮೊದಲು ಫಾರ್ವರ್ಡ್ ಒತ್ತಬೇಡಿ. ಆಮೇಲೆ ವಾಟ್ಸಾಪ್ ಮೆಸೇಜ್ ತಲೆ ಮೇಲೆ ಬಾಣದ ಗುರುತು ಇದೆಯಾ ನೋಡಿ. ಒಂದು ಬಾಣ ಇದ್ದರೆ ಬೇರೆಯವರಿಂದ ಬಂದದ್ದು, ಎರಡು ಬಾಣ ಒಟ್ಟಿಗೆ ಇದ್ದರೆ ಐದೋ ಅದಕ್ಕಿಂತ ಜಾಸ್ತಿಯೋ ಕೈ ದಾಟಿ ಬಂದದ್ದು. ಎರಡು ಬಾಣ ಕಂಡರೆ ಬರೆದವರು ನಿಮಗೆ ಗೊತ್ತಿರುವವರಲ್ಲ ಅಂತಲೇ ತಿಳಿಯಿರಿ. ಆಮೇಲೆ ಅದರಲ್ಲಿ ತಾರೀಕು ಇದೆಯಾ, ಊರಿನ ಹೆಸರು ಇದೆಯಾ, ಅಂಕಿ ಇದೆಯಾ ನೋಡಿ. ನಿಜವಾದ ಸುದ್ದಿಗೆ ಅಂಕಿ ಇರುತ್ತೆ. ಡ್ಯಾಮಿನ ವಿಷಯ ಆದರೆ ಇವತ್ತಿನ ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು ಅಂತ. ತುಂಬಿದ ಡ್ಯಾಮಿನ ಮಟ್ಟ 1633 ಅಡಿ ಅಂತ ಈ ಭಾಗದ ರೈತರಿಗೆ ಬಾಯಿಪಾಠ, ಕ್ಯೂಸೆಕ್ ಅಂದರೇನು ಅಂತ ಬೇರೆಯವರಿಗೆ ಹೇಳಿಕೊಡಬೇಕು, ನಮ್ಮವರಿಗೆ ಬೇಡ. ಈ ತಿಳಿವಳಿಕೆಯನ್ನು ಫೋನ್ ನೋಡುವಾಗಲೂ ಬಳಸಿ.

ಕೊನೆಗೆ, ಅಲ್ಲೇ ಇರುವ ಒಬ್ಬರಿಗೆ ಫೋನ್ ಮಾಡಿ. ನಮಗೆ ಇರುವ ದೊಡ್ಡ ಬಲ ಇದೇ ನೋಡಿ. ಇಷ್ಟು ವರ್ಷ ಬದುಕಿದ್ದಕ್ಕೆ ಪ್ರತಿ ಊರಲ್ಲೂ ಒಬ್ಬರು ಪರಿಚಯ ಇರುತ್ತಾರೆ. ಅವತ್ತು ಡ್ಯಾಮಿನ ಪಕ್ಕದ ಮುನಿರಾಬಾದಿನಲ್ಲಿರುವ ಹಳೆಯ ಪರಿಚಯದವರಿಗೆ ಫೋನ್ ಮಾಡಿದೆ. "ಡ್ಯಾಮ್ ಗಟ್ಟಿ ಐತ್ರೀ, ಹೋಗಿದ್ದು ಒಂದ್ ಗೇಟ್, ನೀರು ಬಿಡಾಕತ್ತಾರ, ಹೊಳಿದಂಡಿ ಮಂದಿ ಮ್ಯಾಲ ಬರ್ರಿ ಅಂತ ಹೇಳ್ಯಾರ" ಅಂದರು. 33 ಗೇಟಿನಲ್ಲಿ ಒಂದು. ಆ ಹುಡುಗನಿಗೆ ಅಷ್ಟನ್ನೇ ಹೇಳಿದೆ, ಅಕ್ಕನಿಗೆ ಫೋನ್ ಹಚ್ಚಿ ಹೊಳೆ ಬಿಟ್ಟು ಮೇಲೆ ಇರೋಕೆ ಹೇಳು ಅಂದೆ. ಸುಳ್ಳು ಸುದ್ದಿ ಬೇಡ ಅಂದಮಾತ್ರಕ್ಕೆ ಎಚ್ಚರಿಕೆಯೂ ಬೇಡ ಅಂತಲ್ಲವಲ್ಲ, ಹೊಳೆದಂಡೆಯವರು ಏಳಲೇಬೇಕಿತ್ತು. ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅಂದರೆ ಗೇಟಿನ ಜಾಗಕ್ಕೆ ಕಬ್ಬಿಣದ ಹಲಗೆ ಇಳಿಸಿ ನೀರು ನಿಲ್ಲಿಸಿದರು.

ಗೊತ್ತಾಗದಿದ್ದರೆ ಸುಮ್ನೆ ಇದ್ದುಬಿಡಿ. ನಾವು ಕಳಿಸದಿದ್ದರೆ ಯಾರಿಗೂ ನಷ್ಟ ಇಲ್ಲ.

ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಮೆಸೇಜ್

ಇದನ್ನು ಬೇರೆಯಾಗಿಯೇ ಹೇಳಬೇಕು. 2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಕಾರಲ್ಲಿ ಬಂದಿದ್ದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಅಂತ ವಾಟ್ಸಾಪ್‌ನಲ್ಲಿ ಹಬ್ಬಿತು. ಕಾರು ಹೊರಟಿತು, ಆದರೆ ಮೆಸೇಜ್ ಕಾರಿಗಿಂತ ಮೊದಲು ಮುರ್ಕಿ ಅನ್ನುವ ಊರು ಮುಟ್ಟಿತ್ತು. ಅಲ್ಲಿ ದಾರಿ ಅಡ್ಡಗಟ್ಟಿ ಹೊಡೆದರು, ಒಬ್ಬ ಯುವಕ ಸತ್ತ. ಆ ವರ್ಷ ದೇಶದ ಬೇರೆ ಬೇರೆ ಕಡೆ ಇಂಥದ್ದೇ ಸಾವುಗಳಾದ ಮೇಲೆ ವಾಟ್ಸಾಪ್‌ನವರು ಭಾರತದಲ್ಲಿ ಒಂದು ಮೆಸೇಜನ್ನು ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಕಟ್ಟು ಹಾಕಿದರು. 2020ರಲ್ಲಿ ಎರಡು ಬಾಣದ ಮೆಸೇಜನ್ನು ಒಂದು ಸಲಕ್ಕೆ ಒಂದೇ ಕಡೆ ಅಂತ ಮಾಡಿದರು. ಅಷ್ಟಾದರೂ ವರ್ಷಕ್ಕೊಮ್ಮೆಯಾದರೂ ಅದೇ ಹಳೆಯ ವಿಡಿಯೊ ಹೊಸ ಊರಿನ ಹೆಸರು ಹೊತ್ತು ಬರುತ್ತೆ.

ಅಂಥ ಮೆಸೇಜ್ ಗ್ರೂಪಿಗೆ ಬಿದ್ದರೆ ಹಿರಿಯರು ಸುಮ್ಮನಿರಬಾರದು. "ಪೊಲೀಸ್ ಠಾಣೆಗೆ ಕೇಳಿದಿರಾ? 112ಕ್ಕೆ ಫೋನ್ ಮಾಡಿ, ಯಾರೂ ಯಾರ ಮೈಮೇಲೂ ಕೈ ಮಾಡಬೇಡಿ" ಅಂತ ಅಲ್ಲೇ ಬರೆಯಿರಿ. ಬರೆಯೋಕೆ ಬರದಿದ್ದರೆ ಮೈಕಿನ ಗುರುತು ಒತ್ತಿ ನಿಮ್ಮ ದನಿಯಲ್ಲೇ ಹೇಳಿ ಕಳಿಸಿ. ಹಿರಿಯರ ದನಿಗೆ ಇನ್ನೂ ಬೆಲೆ ಇದೆ, ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಊರಿಗೆ ಭಿಕ್ಷೆಗೆ ಬರುವವರು, ಪಿನ್ನು ಬಳೆ ಮಾರುವವರು, ಜಾತ್ರೆಯಿಂದ ಜಾತ್ರೆಗೆ ಅಲೆಯುವವರು, ಇವರ ಮೇಲೆಯೇ ಮೊದಲು ಕಣ್ಣು ಬೀಳೋದು. ಅವರನ್ನು ಮುಖ ನೋಡಿ ಗುರುತಿಸುವವರು ಊರಲ್ಲಿ ನಾವೇ.

ತಪ್ಪು ಕಳಿಸಿದವರಿಗೆ ಹೇಳುವ ಬಗೆ

ಗ್ರೂಪಿನಲ್ಲಿ ಎಲ್ಲರ ಎದುರು "ಇದು ಸುಳ್ಳು, ಬುದ್ಧಿ ಇಲ್ವಾ" ಅಂದರೆ ಅವನು ಹಟಕ್ಕೆ ಬೀಳುತ್ತಾನೆ. ಬೇರೆಯಾಗಿ ಫೋನ್ ಮಾಡಿ. ಹೆಂಡತಿ ಮಕ್ಕಳು ಹೇಗಿದ್ದಾರೆ ಅಂತ ಕೇಳಿ, ಆಮೇಲೆ "ತಮ್ಮಾ, ನೀ ಮುಂಜಾನೆ ಹಾಕಿದ್ದು ಎಲ್ಲಿಂದ ಬಂದಿತ್ತಪ?" ಅನ್ನಿ. ಬಹಳ ಸಲ ಅವನೇ "ಗೊತ್ತಿಲ್ಲರೀ, ಬಂತು, ಹಾಕಿದೆ" ಅನ್ನುತ್ತಾನೆ. ಅಳಿಸಿಬಿಡಪ್ಪ ಅಂದರೆ ಅಳಿಸುತ್ತಾನೆ.

ಸಾವಿನ ಸುದ್ದಿಯಲ್ಲಿ ಇದು ತುಂಬ ಮುಖ್ಯ. ನಮ್ಮ ಗ್ರೂಪಿನಲ್ಲಿ ಒಬ್ಬ ಹಳೆಯ ಮಾಸ್ತರರ ಫೋಟೊಕ್ಕೆ ಹಾರ ಹಾಕಿ ಭಾವಪೂರ್ಣ ಶ್ರದ್ಧಾಂಜಲಿ ಅಂತ ಯಾರೋ ಕಳಿಸಿದರು. ಅವರು ಬಳ್ಳಾರಿಯ ಆಸ್ಪತ್ರೆಯಲ್ಲಿ ಇದ್ದದ್ದು ನಿಜ. ಸಾಲಾಗಿ ಓಂ ಶಾಂತಿ, ಕೈಮುಗಿದ ಚಿತ್ರ, ಕಣ್ಣೀರಿನ ಚಿತ್ರ. ಸ್ವಲ್ಪ ಹೊತ್ತಿಗೆ ಅವರ ಮಗಳು ಬರೆದಳು, "ಅಪ್ಪ ಇದಾರೆ. ಈಗ ಗಂಜಿ ಕುಡಿದ್ರು. ದಯವಿಟ್ಟು ತೆಗೆಯಿರಿ." ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಆ ಹುಡುಗಿ ಇದನ್ನು ಟೈಪ್ ಮಾಡಿದ್ದಾಳೆ ಅನ್ನೋದನ್ನು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತೆ. ಟೆಲಿಗ್ರಾಂ ಇದ್ದ ಕಾಲದಲ್ಲಿ, ಅದು ನಿಂತದ್ದು 2013ರಲ್ಲಿ, ಸಾವಿನ ಸುದ್ದಿ ಬಂದರೆ ಅದನ್ನು ಮುಟ್ಟಿಸುವ ಮನೆ ಒಂದೇ. ದಾರಿಯಲ್ಲಿ ಯಾರು ಕೇಳಿದರೂ ಹೇಳುವಂತಿರಲಿಲ್ಲ. ಆ ಕಟ್ಟುಪಾಡನ್ನು ನಾವು ಫೋನಿನಲ್ಲೂ ಪಾಲಿಸಬಹುದು. ಮನೆಯವರು ಹೇಳುವ ತನಕ ಯಾರ ಸಾವನ್ನೂ, ಯಾರ ಕಾಯಿಲೆಯನ್ನೂ, ಯಾವ ಮನೆಯ ಹುಡುಗಿಯ ವಿಷಯವನ್ನೂ ಗ್ರೂಪಿಗೆ ಹಾಕಬೇಡಿ, ಹಾಕಿದವರಿಗೆ ಲೈಕ್ ಒತ್ತಬೇಡಿ.

ನೀವು ಗ್ರೂಪಿನ ಅಡ್ಮಿನ್ ಆಗಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವಂತೆ ಸ್ವಲ್ಪ ದಿನ ಬಂದ್ ಇಡಬಹುದು. ಚುನಾವಣೆ, ಹಬ್ಬದ ಮೆರವಣಿಗೆ, ಗಲಾಟೆ ಆದ ದಿನ ಹೀಗೆ ಮಾಡಿ. ಜನ ಬೈಯುತ್ತಾರೆ, ಬೈಸಿಕೊಳ್ಳಿ.

ಹೆದರಿಸುವ ಫೋನ್

ಇಂಟರ್ನೆಟ್‌ನಿಂದ ಮೋಸ ಮಾಡುವವರು ನಮ್ಮ ವಯಸ್ಸಿನವರನ್ನೇ ಹುಡುಕುತ್ತಾರೆ. ಯಾಕಂದರೆ ನಾವು ಮರ್ಯಾದೆಗೆ ಅಂಜುವವರು, ಖಾತೆಯಲ್ಲಿ ನಿವೃತ್ತಿಯ ದುಡ್ಡು ಇರುತ್ತೆ, ಹಗಲು ಮನೆಯಲ್ಲಿ ಒಬ್ಬರೇ ಇರುತ್ತೇವೆ. ಪೊಲೀಸ್ ಬಟ್ಟೆ ಹಾಕಿದವನು ವಿಡಿಯೊ ಕಾಲ್‌ನಲ್ಲಿ ಬಂದು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಆಧಾರ್‌ನಿಂದ ಕಳ್ಳ ಖಾತೆ ತೆರೆದಿದ್ದಾರೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕ್ಯಾಮೆರಾ ಮುಂದೆಯಿಂದ ಏಳಬೇಡಿ, ಮಕ್ಕಳಿಗೂ ಹೇಳಬೇಡಿ ಅನ್ನುತ್ತಾನೆ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ರೇಡಿಯೊ ಭಾಷಣದಲ್ಲಿ ಇದನ್ನು ಹೇಳಿದ್ದರು. ಹಿಡಿಯುವ ಪೊಲೀಸರು ಮನೆ ಬಾಗಿಲಿಗೇ ಬರುತ್ತಾರೆ, ದುಡ್ಡು ಹಾಕಿ ಅಂತ ಖಾತೆ ನಂಬರ್ ಕೊಡಲ್ಲ. "ಯಾರಿಗೂ ಹೇಳಬೇಡ" ಅಂದವನ ಫೋನನ್ನು ಆ ಕ್ಷಣವೇ ಕಟ್ ಮಾಡಿ, ಪಕ್ಕದ ಮನೆಗೆ ಹೋಗಿ ಜೋರಾಗಿ ಹೇಳಿ.

ಪಿಂಚಣಿದಾರರಿಗೆ ಇನ್ನೊಂದು. ಬದುಕಿದ್ದೇವೆ ಅಂತ ಪಿಂಚಣಿಗೆ ಕೊಡುವ ಜೀವನ ಪ್ರಮಾಣ ಪತ್ರ ಅಪ್‌ಡೇಟ್ ಮಾಡುತ್ತೇವೆ, ಒಟಿಪಿ ಹೇಳಿ ಅಂತ ಫೋನ್ ಬರುತ್ತೆ. ಪಿಂಚಣಿ ಕಚೇರಿ ಹಾಗೆ ಫೋನ್ ಮಾಡಿ ಒಟಿಪಿ ಕೇಳಲ್ಲ. ಮದುವೆ ಕರೆಯೋಲೆ ಅಂತ ವಾಟ್ಸಾಪ್‌ಗೆ ಬರುವ ಫೈಲಿನ ಹೆಸರು ಎಪಿಕೆ ಅಂತ ಮುಗಿದರೆ ಮುಟ್ಟಲೇಬೇಡಿ, ಅದು ಫೋನಿನೊಳಗೆ ಕೂತು ನಿಮ್ಮ ಮೆಸೇಜ್ ಓದುವ ಆ್ಯಪ್. ನಿಜವಾದ ಕರೆಯೋಲೆ ಫೋಟೊ ಆಗಿಯೋ ಪಿಡಿಎಫ್ ಆಗಿಯೋ ಬರುತ್ತೆ. ಗೃಹಲಕ್ಷ್ಮಿ ದುಡ್ಡು ಬಂದಿಲ್ಲ, ಈ ಲಿಂಕ್ ಒತ್ತಿ ಅನ್ನುವುದೂ ಇದೇ ಜಾತಿ. ಯುಪಿಐ ಪಿನ್ ಬೇಕಾಗುವುದು ದುಡ್ಡು ಹೋಗೋಕೆ, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಅಂತ ನೋಡೋಕೆ, ದುಡ್ಡು ಬರೋಕೆ ಪಿನ್ ಬೇಡ. ಇದನ್ನು ಮನೆಯ ಹೆಣ್ಣುಮಕ್ಕಳಿಗೆ, ಹಾಲಿನವರಿಗೆ, ತರಕಾರಿಯವರಿಗೆ ಎಲ್ಲರಿಗೂ ಹೇಳುತ್ತಿರಿ.

ಈಗ ಮಗನ ದನಿಯನ್ನೇ ನಕಲು ಮಾಡಿ "ಅಪ್ಪಾ, ಆ್ಯಕ್ಸಿಡೆಂಟ್ ಆಗೇದ, ದುಡ್ಡು ಹಾಕು" ಅನ್ನಿಸಬಹುದು. ಮನೆಯವರೆಲ್ಲ ಸೇರಿ ಒಂದು ಪ್ರಶ್ನೆ ಗೊತ್ತು ಮಾಡಿಟ್ಟುಕೊಳ್ಳಿ, ಹೊರಗಿನವರಿಗೆ ಉತ್ತರ ಗೊತ್ತಿರದಂಥದ್ದು. ನಿಮ್ಮ ಮನೆಯ ಹಳೆಯ ಆಕಳ ಹೆಸರು ಏನು ಅಂತ ಕೇಳಿದರೂ ಸಾಕು.

ದುಡ್ಡು ಹೋಗಿಬಿಟ್ಟರೆ? ನಾಚಿಕೊಂಡು ಕೂರಬೇಡಿ. ಕೂಡಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುತ್ತಾ ಹೋಗುತ್ತೆ, ಬೇಗ ಹೇಳಿದರೆ ದಾರಿಯಲ್ಲೇ ತಡೆಯಬಹುದು. ಬ್ಯಾಂಕಿಗೂ ಹೇಳಿ, ವ್ಯವಹಾರದ ಮೆಸೇಜ್ ಅಳಿಸದೆ ಇಡಿ. ಮೋಸ ಹೋದವರು ನಿಮ್ಮ ಪರಿಚಯದವರಾದರೆ "ಅಷ್ಟೂ ಗೊತ್ತಾಗಲಿಲ್ವಾ" ಅನ್ನಬೇಡಿ. ಕಲಿತವರೂ ದೊಡ್ಡ ಹುದ್ದೆಯವರೂ ಕಳೆದುಕೊಂಡಿದ್ದಾರೆ. ಅವರ ಜೊತೆ ಠಾಣೆಗೆ ಹೋಗಿ, ರಾತ್ರಿ ಒಬ್ಬರನ್ನೇ ಬಿಡಬೇಡಿ. ಮನಸ್ಸು ತುಂಬ ಕುಸಿದಿದ್ದರೆ 14416ಕ್ಕೆ ಫೋನ್ ಮಾಡಿಸಿ, ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲಿ ಮಾತಾಡುತ್ತಾರೆ.

ಗುಳೆ ಹೋದವರ ಮಕ್ಕಳು

ಇದು ನಮ್ಮ ಭಾಗದ ದೊಡ್ಡ ವಿಷಯ, ಆದರೂ ಯಾರೂ ಬರೆಯಲ್ಲ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರು, ದೇವದುರ್ಗದ ಕಡೆ ಮಳೆ ಕೈಕೊಟ್ಟರೆ ಗಂಡ ಹೆಂಡತಿ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜಿ ಹತ್ತಿರ. ಹೋಗುವಾಗ ಒಂದು ಫೋನ್ ಬಿಟ್ಟು ಹೋಗುತ್ತಾರೆ, ಸಂಜೆ ವಿಡಿಯೊ ಕಾಲ್ ಮಾಡೋಕೆ. ಆ ಫೋನ್ ಎಷ್ಟು ಒಳ್ಳೆಯದು ಅಂತ ನಾನು ಬಲ್ಲೆ. ಮೊದಲು ತಿಂಗಳುಗಟ್ಟಲೆ ಪತ್ರಕ್ಕೆ ಕಾಯುತ್ತಿದ್ದ ಮಕ್ಕಳು ಈಗ ದಿನಾ ಅವ್ವನ ಮುಖ ನೋಡುತ್ತಾರೆ.

ಆದರೆ ಕಾಲ್ ಮುಗಿದ ಮೇಲೆ ಫೋನ್ ಮಗುವಿನ ಕೈಯಲ್ಲೇ ಉಳಿಯುತ್ತೆ. ನಮ್ಮ ಓಣಿಯಲ್ಲೇ ಒಂದು ಮನೆ. ಅಜ್ಜಿ ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಗೆ ಇಡುತ್ತಾಳೆ, ಹುಡುಗ ಬಾಯಿ ತೆರೆಯುತ್ತಾನೆ, ಕಣ್ಣು ವಿಡಿಯೊ ಮೇಲೆ. "ಏನು ಪಲ್ಯನೋ?" ಅಂತ ನಾನು ಕೇಳಿದೆ. ಅಜ್ಜಿ ಕೈಯಲ್ಲಿದ್ದ ತುತ್ತನ್ನು ಆಗ ತಿರುಗಿ ನೋಡಿದ. ಅಲ್ಲಿವರೆಗೂ ಅರ್ಧ ರೊಟ್ಟಿ ಒಳಗೆ ಹೋಗಿತ್ತು. ಅಜ್ಜಿಯನ್ನು ಬೈದು ಪ್ರಯೋಜನ ಇಲ್ಲ. ಬೆಳಗಿನಿಂದ ಹೊಲ, ನೀರು, ಎಮ್ಮೆ ಅಂತ ಓಡಾಡಿದವಳು, ಹುಡುಗ ಉಂಡರೆ ಸಾಕು ಅಂತ ಕೊಡುತ್ತಾಳೆ.

ಇಂಥ ಮನೆಯಲ್ಲಿ ಹೀಗೆ ಮಾಡಿ. ಫೋನ್ ಕಿತ್ತುಕೊಂಡರೆ ಮಗು ಅರಚುತ್ತೆ, ಮೂರನೇ ದಿನ ನೀವೇ ಸೋಲುತ್ತೀರಿ. ಮೊದಲು ಊಟದ ಹೊತ್ತು ಒಂದನ್ನೇ ಹಿಡಿಯಿರಿ. ಆ ಹೊತ್ತಿಗೆ ಫೋನ್ ಚಾರ್ಜಿಗೆ ಹಾಕಿ, ಮಗು ಮುಟ್ಟಲಾರದ ಎತ್ತರದಲ್ಲಿ, ನಿಮ್ಮ ಫೋನೂ ಅಲ್ಲೇ. ಅದು ರೂಢಿಯಾದ ಮೇಲೆ ಮುಂದಿನದು. ಯೂಟ್ಯೂಬ್‌ನಲ್ಲಿ ಆಟೊಪ್ಲೇ ಬಂದ್ ಮಾಡಿ, ಒಂದು ವಿಡಿಯೊ ಮುಗಿದರೆ ಅಲ್ಲಿಗೇ ನಿಲ್ಲುತ್ತೆ. ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ, ಅಲ್ಲಿ ಒಂದೊಂದು ಆ್ಯಪಿಗೆ ದಿನಕ್ಕೆ ಇಷ್ಟೇ ನಿಮಿಷ ಅಂತ ಕಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಎರಡು ವರ್ಷ ತುಂಬದ ಕೂಸಿಗೆ ಪರದೆಯೇ ಬೇಡ, ನಾಲ್ಕು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ. ಫೋನ್‌ಪೇ, ಗೂಗಲ್‌ಪೇಗೆ ಬೇರೆ ಲಾಕ್ ಹಾಕಿ, ಪಿನ್ ಮಗುವಿನ ಎದುರು ಒತ್ತಬೇಡಿ. ದುಡ್ಡು ಕಟ್ಟಿ ಆಡುವ ಆಟಗಳನ್ನು 2025ರ ಕಾನೂನು ನಿಷೇಧಿಸಿದೆ, ಅಂಥದ್ದು ದೊಡ್ಡ ಹುಡುಗರ ಫೋನಿನಲ್ಲಿ ಕಂಡರೆ ಅವರ ಜೊತೆ ಕೂತು ತೆಗೆಸಿ.

ಅಷ್ಟೇ ಸಾಲದು, ಮಗುವಿಗೆ ಫೋನಿನಲ್ಲಿ ಬೇರೆ ಕೆಲಸ ಕೊಡಿ. ಅಜ್ಜಿಗೆ ಬಂದ ಮೆಸೇಜ್ ಗಟ್ಟಿಯಾಗಿ ಓದಿ ಹೇಳಲಿ. ಅಪ್ಪನಿಗೆ ಇವತ್ತು ಶಾಲೆಯಲ್ಲಿ ಏನು ಕಲಿತೆ ಅಂತ ದನಿ ರೆಕಾರ್ಡ್ ಮಾಡಿ ಕಳಿಸಲಿ. ಅಜ್ಜಿ ಹಾಡುವ ಬೀಸುವ ಪದ, ಸೋಬಾನೆ ಪದ ರೆಕಾರ್ಡ್ ಮಾಡಲಿ. ಆ ಹುಡುಗ ಈಗ ಇದನ್ನು ಮಾಡುತ್ತಿದ್ದಾನೆ, ಬೆಂಗಳೂರಿನ ಶೆಡ್ಡಿನಲ್ಲಿ ಅವನ ಅವ್ವ ಅದನ್ನು ರಾತ್ರಿ ಹಾಕಿಕೊಂಡು ಕೇಳುತ್ತಾಳಂತೆ. ಮಗುವಿಗೆ ಫೋನಿನಲ್ಲಿ ಯಾರಾದರೂ ತೊಂದರೆ ಕೊಡುತ್ತಿದ್ದಾರೆ ಅನಿಸಿದರೆ 1098 ಮಕ್ಕಳ ಸಹಾಯವಾಣಿ.

ಪಕ್ಕದವರ ಫೋನ್ ನೋಡಿ

ಒಂದೇ ಮನೆಯಲ್ಲಿ ನಾಲ್ಕು ಫೋನ್ ಇದ್ದರೆ ನಾಲ್ಕು ಬೇರೆ ಲೋಕ. ನಮ್ಮ ಬೆರಳು ಎಲ್ಲಿ ನಿಲ್ಲುತ್ತೆ, ಯಾವ ವಿಡಿಯೊ ಪೂರ್ತಿ ನೋಡುತ್ತೇವೆ ಅಂತ ಆ್ಯಪ್ ಲೆಕ್ಕ ಇಡುತ್ತೆ, ಮತ್ತೆ ಅದೇ ತರದ್ದನ್ನು ತಂದು ಹಾಕುತ್ತೆ. ಸಿಟ್ಟಿನ ವಿಡಿಯೊ ಮುಂದೆ ನಿಂತವರಿಗೆ ಸಿಟ್ಟಿನದ್ದೇ ಬರುತ್ತೆ. ತಿಂಗಳೊಪ್ಪತ್ತಿನಲ್ಲಿ ಅವರಿಗೆ ಊರೆಲ್ಲ ಕೆಟ್ಟಿದೆ, ಆ ಜಾತಿಯವರು ಹೀಗೆ, ಈ ಧರ್ಮದವರು ಹಾಗೆ ಅನಿಸತೊಡಗುತ್ತೆ. ಮೊದಲು ಎಲ್ಲರೂ ಆಕಾಶವಾಣಿಯ ಒಂದೇ ವಾರ್ತೆ ಕೇಳಿ ಕಟ್ಟೆಯಲ್ಲಿ ಜಗಳ ಆಡುತ್ತಿದ್ದೆವು, ಆದರೆ ಕೇಳಿದ ಸುದ್ದಿ ಒಂದೇ ಇರುತ್ತಿತ್ತು.

ಅದಕ್ಕೆ ನಾನು ಹೇಳೋದು, ವಾರಕ್ಕೊಂದು ಸಲ ಕಟ್ಟೆ ಮೇಲೆ, ನಂಬಿಕೆಯವರ ಜೊತೆ, ಅವರು ಒಪ್ಪಿದರೆ ಪಕ್ಕದಲ್ಲಿ ಕೂತು ಅವರ ಯೂಟ್ಯೂಬ್ ನೋಡಿ. ಅವರು ನಿಮ್ಮದು ನೋಡಲಿ. ನಿಮಗೆ ಬರುವುದು ಅವರಿಗೆ ಬರುತ್ತಿಲ್ಲ, ಅವರಿಗೆ ಬರುವುದು ನಿಮಗೆ ಗೊತ್ತೇ ಇಲ್ಲ ಅಂತ ಅಲ್ಲೇ ಕಾಣುತ್ತೆ. ಬೇರೆ ಜಾತಿ ಧರ್ಮದ ಗೆಳೆಯರ ಜೊತೆ ಕೂತರೆ ಇನ್ನೂ ಒಳ್ಳೆಯದು. ಬೇಡದ ವಿಡಿಯೊ ಪಕ್ಕದ ಮೂರು ಚುಕ್ಕೆ ಒತ್ತಿ, ಈ ಚಾನೆಲ್ ತೋರಿಸಬೇಡ ಅನ್ನೋದನ್ನು ಆರಿಸಿ. ಕೆಲವು ದಿನ ಬಿಡದೆ ಮಾಡಿದರೆ ಬರುವುದು ಬದಲಾಗುತ್ತೆ.

ಒಳ್ಳೆಯದಕ್ಕೆ ಬಳಸುವುದನ್ನು ಬಿಡಬೇಡಿ. ಪಹಣಿಗೆ ತಹಸೀಲ್ದಾರ್ ಕಚೇರಿ ಅಲೆದ ದಿನಗಳು ನಮಗೆ ಗೊತ್ತು, ಭೂಮಿ ಯೋಜನೆ ಬಂದ ಮೇಲೆ ಅದು ತಪ್ಪಿತು, ಈಗ ಫೋನಿನಲ್ಲೇ ನೋಡಬಹುದು. ನವೆಂಬರ್‌ನಲ್ಲಿ ಜೀವನ ಪ್ರಮಾಣವನ್ನು ಮುಖ ತೋರಿಸಿ ಮನೆಯಿಂದಲೇ ಕೊಡಬಹುದು, ಕೇಂದ್ರ ಸರ್ಕಾರದ ಪಿಂಚಣಿದಾರರು ಎಂಬತ್ತು ದಾಟಿದ್ದರೆ ಅಕ್ಟೋಬರ್‌ನಲ್ಲೇ. ಆಗದವರಿಗೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುತ್ತಾನೆ, ಅಂಚೆ ಕಚೇರಿಯಲ್ಲಿ ಹೇಳಿ ಬನ್ನಿ. ಹಿರಿಯರಿಗೆ ಯಾವುದೇ ತೊಂದರೆ ಆದರೆ 14567.

ಓದು ಬಾರದವರಿಗೆ ಓದಿ ಹೇಳುವುದು

ಓಣಿಯಲ್ಲಿ ಓದು ಬಾರದ ಹಿರಿಯರು ಇನ್ನೂ ಇದ್ದಾರೆ, ಅವರ ಕೈಯಲ್ಲೂ ಫೋನ್ ಇದೆ. "ಇದೇನು ಬಂದೈತಿ ನೋಡ್ರಿ ಸ್ವಲ್ಪ" ಅಂತ ಬಂದರೆ ನಾಳೆ ಬಾ ಅನ್ನಬೇಡಿ. ಕೂರಿಸಿ, ಕಳಿಸಿದವರು ಯಾರು ಅನ್ನೋದನ್ನು ಮೊದಲು ಹೇಳಿ. ಹೆಸರಿಲ್ಲದ ನಂಬರ್ ಆದರೆ ಹೆಸರಿಲ್ಲ ಅಂತಲೇ ಹೇಳಿ. ಆಮೇಲೆ ಪೂರ್ತಿ ಓದಿ, ನಿಮ್ಮ ಮಾತು ಸೇರಿಸಬೇಡಿ, ಬಿಡಲೂ ಬೇಡಿ. ಒಟಿಪಿ ಆದರೆ ಅಂಕಿ ಗಟ್ಟಿಯಾಗಿ ಓದಬೇಡಿ, ಇದು ಯಾರಿಗೂ ಹೇಳುವಂಥದ್ದಲ್ಲ ಅಂತ ತಿಳಿಸಿ. ದುಡ್ಡು ಬಂದ ಮೆಸೇಜ್ ಆದರೆ ಎಷ್ಟು, ಯಾವ ತಾರೀಕು, ಇನ್ನು ಉಳಿದದ್ದು ಎಷ್ಟು ಅಂತ ಅವರಿಗೆ ಮಾತ್ರ ಕೇಳುವ ಹಾಗೆ ಹೇಳಿ. ಅವರು ಯಾರಿಗಾದರೂ ದುಡ್ಡು ಕಳಿಸಬೇಕು ಅಂದರೆ ಹೆಸರು, ನಂಬರ್ ಸರಿ ಇದೆಯಾ ನೋಡಿಕೊಡಿ. ಪಿನ್ ಮಾತ್ರ ಅವರೇ ಒತ್ತಲಿ, ನೀವು ಮುಖ ಆ ಕಡೆ ತಿರುಗಿಸಿ ಕೂತಿರಿ.